ಹದಿನಾಲ್ಕನೆಯ ವಾಲ್ವು

ಊರಿನ ನೀರಿನ ಕಮಿಟಿಯ ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಅವಳ ಹುದ್ದೆ ‘ವಾಟರ್‌ಮ್ಯಾನ್’ ಎಂದೇ ಇದೆ. ಹನ್ನೊಂದು ವರ್ಷದ ಹಿಂದೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡಾಗ ಅದನ್ನು ತಿದ್ದಬೇಕೆಂದು ಯಾರಿಗೂ ಹೊಳೆಯಲಿಲ್ಲ, ಆಮೇಲೆ ತಿದ್ದುವುದಕ್ಕೆ ಯಾರಿಗೂ ಪುರುಸೊತ್ತಾಗಲಿಲ್ಲ. ಊರಿನವರು ಪುಸ್ತಕದ ಗೊಡವೆಗೆ ಹೋಗದೆ ‘ವಾಲ್ವಮ್ಮ’ ಎಂದು ಕರೆದರು. ಎದುರಿಗೇ ಹಾಗೆ ಕರೆದರೂ ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. “ಕರೀರಿ, ಕರೀರಿ. ನಲ್ಲೀಲಿ ನೀರು ಬರ್ದೇ ಇದ್ದಾಗ ಇನ್ನೂ ಏನೇನೋ ಕರೀತೀರಲ್ಲ, ಅದಕ್ಕಿಂತ ಇದೇ ವಾಸಿ,” ಎನ್ನುತ್ತಿದ್ದಳು.

ಐವತ್ತೆರಡು ವರ್ಷದ ಗಟ್ಟಿಮುಟ್ಟಾದ ಹೆಂಗಸು. ಬೆಳಿಗ್ಗೆ ಐದಕ್ಕೆ ಪಂಪ್‌ಹೌಸಿನ ಬಾಗಿಲು ತೆಗೆದು ಮೋಟಾರು ಹಾಕಿ, ಟ್ಯಾಂಕು ತುಂಬಿದ ಮೇಲೆ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಗಿಳಿಯುತ್ತಿದ್ದಳು. ಊರಿನ ನೆಲದಡಿಯಲ್ಲಿ ಇಪ್ಪತ್ತೆರಡು ವಾಲ್ವುಗಳು. ಒಂದು ಬೀದಿಯದನ್ನು ತಿರುಗಿಸಿ ತೆರೆಯಬೇಕು, ಇನ್ನೊಂದು ಬೀದಿಯದನ್ನು ಮುಚ್ಚಬೇಕು, ಹೀಗೆ ಸರದಿಯ ಮೇಲೆ ನಾನೂರು ಮನೆಗೆ ನೀರು ಹಂಚಬೇಕು. ಎಲ್ಲಾದರೂ ಪೈಪು ಸೋರುತ್ತಿದೆಯೆಂಬ ಅನುಮಾನ ಬಂದರೆ ಒಂದು ಸಣ್ಣ ಸರಳಿನ ತುದಿಯನ್ನು ಪೈಪಿಗೆ ಆನಿಸಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ಕೂರುತ್ತಿದ್ದಳು. ನೆಲದೊಳಗೆ ನೀರು ಹೇಗೆ ನಡೆಯುತ್ತಿದೆಯೆಂದು ಅವಳಿಗೆ ಕೇಳಿಸುತ್ತಿತ್ತು. “ನನ್ನ ಮಾತು ಒಂದು ದಿನ ಹೀಗೆ ಕಿವಿಗೊಟ್ಟು ಕೇಳಿದ್ಯೇನೇ?” ಎಂದು ಗಂಡ ರೇಗಿಸುತ್ತಿದ್ದ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅವನ ಮಿಷನ್ನು. “ನೀವು ಎಲ್ಲಿ ಸೋರ್ತೀರ ಅಂತ ನಂಗೆ ಸರಳಿಲ್ದೇನೇ ಗೊತ್ತು ಬಿಡ್ರಿ,” ಎನ್ನುವುದು ಇವಳ ಉತ್ತರ.

ಇವಳಿಗಿಂತ ಮುಂಚೆ ಮೂವತ್ತು ವರ್ಷ ಆ ಕೀಲಿ ಹಿಡಿದಿದ್ದವರು ಅವಳ ಮಾವ, ಗಂಡನ ತಂದೆ. ಅವರಿಗೆ ಬರೆದಿಡುವ ಅಭ್ಯಾಸವಿರಲಿಲ್ಲ. ಯಾವ ವಾಲ್ವು ಬಿಗಿ, ಯಾವುದು ಸಡಿಲ, ಯಾವುದಕ್ಕೆ ಎಷ್ಟು ಸುತ್ತು, ಎಲ್ಲವೂ ಅವರ ಕೈಯಲ್ಲೇ ಇತ್ತು. ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಮತ್ತೆ ಏಳಲಿಲ್ಲ. ಅವರ ಜೊತೆ ಊರಿನ ನೀರಿನ ಅರ್ಧ ವಿದ್ಯೆಯೂ ಹೋಯಿತು. ಮಾವನ ಹಿಂದೆ ಆಗಾಗ ಓಡಾಡಿ ಅಷ್ಟಿಷ್ಟು ಕಲಿತಿದ್ದ ಸೊಸೆಯನ್ನು ಕಮಿಟಿಯವರು ಕರೆದು, “ಬೇರೆ ಯಾರಾದ್ರೂ ಸಿಗೋವರೆಗೆ ನೋಡ್ಕೊಳಮ್ಮ,” ಎಂದರು. ಆ ಬೇರೆ ಯಾರಾದರೂ ಇವತ್ತಿನವರೆಗೂ ಸಿಕ್ಕಿಲ್ಲ.

ಅವಳು ಕೆಲಸಕ್ಕೆ ಬಂದವಳೇ ಮೊದಲು ಮಾಡಿದ್ದು ಒಂದು ಪುಸ್ತಕ. ಒಂಬತ್ತು ದಿನ ಬೀದಿ ಬೀದಿ ಸುತ್ತಿ, ಒಂದೊಂದು ವಾಲ್ವಿನ ಗುಂಡಿಯ ಮುಚ್ಚಳ ಎತ್ತಿ, ಕೀಲಿ ಹಾಕಿ ತಿರುಗಿಸಿ, ಸುತ್ತು ಎಣಿಸಿ, ರಟ್ಟಿನ ಹೊದಿಕೆಯ ಆ ಪುಸ್ತಕದಲ್ಲಿ ಬರೆದುಕೊಂಡಳು. ಮಾವನ ಹಾಗೆ ತಾನೂ ಒಂದು ದಿನ ಅಡ್ಡಾಗಿಬಿಟ್ಟರೆ ಊರು ಬಾಯಾರಿ ಕೂರಬಾರದು ಎಂಬುದು ಅವಳ ಹಟ. ಆ ಪುಸ್ತಕ ಅವಳಿಗೆ ವೇದವಾಕ್ಯ. ಯಾರಾದರೂ ಅನುಮಾನ ಎತ್ತಿದರೆ ಪುಟ ತೆಗೆದು ಮೂಗಿನ ಮುಂದೆ ಹಿಡಿಯುತ್ತಿದ್ದಳು.

ಇಷ್ಟೆಲ್ಲ ಅಚ್ಚುಕಟ್ಟಾದ ಹೆಂಗಸಿಗೆ ಒಂದು ಕೊರಗಿತ್ತು. ಅದರ ಹೆಸರು ಮೇಲಿನ ಬೀದಿ.

ಮೇಲಿನ ಬೀದಿ ಎಂದರೆ ಊರಿನ ಒಂದು ಮೂಲೆಯಲ್ಲಿ ದಿಬ್ಬದ ಮೇಲಿರುವ ಇಪ್ಪತ್ತಾರು ಮನೆ. ಅಲ್ಲಿಗೆ ಹೋಗಲು ಕಡಿದಾದ ಕಲ್ಲಿನ ಮೆಟ್ಟಿಲು. ಕಟ್ಟಕಡೆಯ ಮನೆ ಅವಳ ಸ್ವಂತ ಅಕ್ಕನದು. ತಾಯಿ ಬೇಗ ತೀರಿಕೊಂಡಾಗ ಇವಳ ತಲೆ ಬಾಚಿ, ಜಡೆ ಹಾಕಿ ಶಾಲೆಗೆ ಕಳಿಸಿದ ಅಕ್ಕ. ಭಾವ ಹೋದ ಮೇಲೆ ಅಕ್ಕ ಯಾರ ಮುಂದೆಯೂ ಕೈಚಾಚಲಿಲ್ಲ. ಲಾಡ್ಜಿನ ಮತ್ತು ಆಸ್ಪತ್ರೆಯ ಹಾಸಿಗೆ ಬಟ್ಟೆ ತಂದು ಒಗೆದು ಕೊಡುತ್ತಿದ್ದಳು. ಹಿತ್ತಲಲ್ಲಿ ಇಬ್ಬರು ಕೂರುವಷ್ಟು ದೊಡ್ಡ ತಗಡಿನ ತೊಟ್ಟಿ ಇತ್ತು. ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಬಟ್ಟೆ ಊರಿನ ಎಲ್ಲ ಮೂಲೆಗೂ ಕಾಣುತ್ತಿತ್ತು.

ತಂಗಿ ಕೀಲಿ ಹಿಡಿದ ವರ್ಷವೇ ಮೇಲಿನ ಬೀದಿಯ ನೀರು ಸಣ್ಣಗಾಯಿತು. ಅದಕ್ಕೆ ಕಾರಣಗಳಿಗೇನೂ ಬರವಿರಲಿಲ್ಲ. ಆ ತಿಂಗಳೇ ದೊಡ್ಡ ಮೋಟಾರು ಸುಟ್ಟುಹೋಗಿ, ಎರಡು ತಿಂಗಳು ಎರವಲು ತಂದ ಪುಟ್ಟ ಮೋಟಾರಿನಲ್ಲಿ ಇಡೀ ಊರು ದಿನ ತಳ್ಳಿತು. ಅದು ಸರಿಹೋಗುವಷ್ಟರಲ್ಲಿ ಕೆಳಗಡೆ ಹೊಸ ಬಡಾವಣೆಯ ಎಂಬತ್ತು ಮನೆ ಅದೇ ಪೈಪಿಗೆ ಸೇರಿಕೊಂಡವು. ಎಲ್ಲ ಬೀದಿಗೂ ನೀರು ಒಂದಿಷ್ಟು ಇಳಿಯಿತು. ಮೇಲಿನ ಬೀದಿಯಲ್ಲಿ ಮಾತ್ರ ಒಂದು ಬಿಂದಿಗೆ ತುಂಬಲು ಅರ್ಧ ಗಂಟೆ ಹಿಡಿಯುವಂತಾಯಿತು, ಕೊನೆಯ ಮನೆಯಲ್ಲಿ ಅದೂ ಇಲ್ಲ. ಅಕ್ಕ ಲಾಡ್ಜಿನ ಕೆಲಸ ಬಿಟ್ಟಳು, ಆಸ್ಪತ್ರೆಯ ಕೆಲಸ ಬಿಟ್ಟಳು, ಕಡೆಗೆ ಯಾರೋ ಒಗೆದ ಬಟ್ಟೆಗೆ ಇಸ್ತ್ರಿ ಹಾಕುವಲ್ಲಿಗೆ ಬಂದು ನಿಂತಳು. ಕುಡಿಯುವ ನೀರನ್ನು ಮೆಟ್ಟಿಲ ಬುಡದ ನಲ್ಲಿಯಿಂದ ಹೊರಬೇಕು. ಹೊತ್ತು ಹೊತ್ತು ಅವಳ ಮಂಡಿ ಸವೆಯಿತು.

ಆ ನಲ್ಲಿಯ ಹತ್ತಿರವೇ ಅಕ್ಕತಂಗಿಯರ ಜಗಳ ನಡೆದದ್ದು, ಹತ್ತಾರು ಜನರ ಎದುರಿಗೆ.

“ನೀನು ಕೀಲಿ ಹಿಡಿದ ತಿಂಗಳಿಂದಾನೇ ನಮ್ಮ ನೀರು ನಿಂತಿದ್ದು ಕಣೇ,” ಎಂದಳು ಅಕ್ಕ.

“ನಿಮ್ಮ ಬೀದಿ ಎತ್ತರದಲ್ಲಿದೆ ಅಕ್ಕ. ನೀರು ಹತ್ತಲ್ಲ. ಅದಕ್ಕೆ ನಾನೇನು ಮಾಡ್ಲಿ?”

“ನಿಮ್ಮ ಮಾವ ಇದ್ದಾಗ ನಮ್ಮ ಬೀದಿ ತಗ್ಗಲ್ಲಿತ್ತಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!”

ಸುತ್ತ ನಿಂತವರು ನಕ್ಕರು. ತಂಗಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹೊಸ ಕೆಲಸ, ಹೆಂಗಸು ಎಂದು ಮೊದಲೇ ಮೂಗು ಮುರಿಯುತ್ತಿದ್ದ ಊರು, ಅದರಲ್ಲಿ ಒಡಹುಟ್ಟಿದವಳೇ ಹೀಗೆಂದರೆ? ಅವಳೂ ಬಾಯಿಗೆ ಬಂದದ್ದು ಅಂದಳು. ಅಂದಿನಿಂದ ಅಕ್ಕ ತಂಗಿಯ ಮನೆಯ ಹೊಸ್ತಿಲು ತುಳಿಯಲಿಲ್ಲ, ತಂಗಿ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹನ್ನೊಂದು ವರ್ಷ ಹೀಗೇ ಕಳೆದ ಮೇಲೆ ಊರಿಗೆ ಇಂಜಿನಿಯರ್ ಬಂದರು. ಹಳೆಯ ಪೈಪು ತೆಗೆದು ಹೊಸದು ಹಾಕುವ, ಮೋಟಾರು ಬದಲಿಸುವ, ಮನೆಮನೆಗೂ ಮೀಟರು ಕೂರಿಸಿ ದಿನವಿಡೀ ನೀರು ಕೊಡುವ ಯೋಜನೆ. ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ಇಂಜಿನಿಯರ್ ಗೋಡೆಗೆ ನಕ್ಷೆ ಅಂಟಿಸಿದರು. ಎಲ್ಲ ಬೀದಿಗೂ ನೀಲಿ ಗೆರೆ ಇತ್ತು, ಮೇಲಿನ ಬೀದಿಗೆ ಇರಲಿಲ್ಲ.

“ಅದು ಎತ್ತರದಲ್ಲಿದೆ. ಟ್ಯಾಂಕಿನ ನೀರು ಅಲ್ಲಿಗೆ ಹತ್ತಲ್ಲ,” ಎಂದರು ಇಂಜಿನಿಯರ್. “ಮೆಟ್ಟಿಲ ಕೆಳಗೆ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿ, ವಾರಕ್ಕೆ ಎರಡು ಸಲ ಟ್ಯಾಂಕರ್ ಕಳಿಸೋಣ. ಇಪ್ಪತ್ತಾರು ಮನೆ ತಾನೇ.”

ವಾಲ್ವಮ್ಮ ಹಿಂದಿನ ಬೆಂಚಿನಲ್ಲಿದ್ದಳು. ತಾನು ಅಕ್ಕನಿಗೆ ಹೇಳಿದ್ದ ಮಾತೇ ಇನ್ನೊಬ್ಬರ ಬಾಯಿಂದ ಬಂದಾಗ ಅದೆಷ್ಟು ಪೊಳ್ಳು ಎಂದು ಅವಳಿಗೆ ಮೊದಲ ಸಲ ಕೇಳಿಸಿತು. ಮಾವನ ಕಾಲದಲ್ಲಿ ಹತ್ತುತ್ತಿದ್ದ ನೀರಿಗೆ ಈಗೇನು ಮಂಡಿನೋವೇ? ಈ ನಕ್ಷೆ ಹೀಗೇ ಹೋಗಿಬಿಟ್ಟರೆ ಅಕ್ಕ ಸಾಯುವವರೆಗೂ ಆ ಮೆಟ್ಟಿಲಲ್ಲಿ ನೀರು ಹೊರಬೇಕು. ಅವಳು ಎದ್ದು ನಿಂತಳು.

“ಎತ್ತರ ಅಂತ ಅಳೆದು ನೋಡಿದ್ದೀರಾ ಸಾರ್?”

ಇಂಜಿನಿಯರ್ ಸ್ವಲ್ಪ ತಡವರಿಸಿ, ಫೋನಿನಲ್ಲಿ ನೋಡಿದ್ದಾಗಿ ಹೇಳಿದರು.

“ಫೋನಲ್ಲಿ ನಮ್ಮೆಜಮಾನ್ರು ಮದುವೆ ಆಗೋ ಹುಡುಗನ ಹಾಗೆ ಕಾಣಿಸ್ತಾರೆ ಸಾರ್. ಹತ್ರ ಹೋಗಿ ನೋಡಿದ್ರೆ ಗೊತ್ತಾಗೋದು.”

ಕೋಣೆಯೆಲ್ಲ ನಕ್ಕಿತು. ಇಂಜಿನಿಯರ್ ಒಳ್ಳೆಯ ಮನುಷ್ಯ, ಅವರೂ ನಕ್ಕರು. ಹದಿನೈದು ದಿನಕ್ಕೆ ನಕ್ಷೆ ಮೇಲಧಿಕಾರಿಗಳ ಸಹಿಗೆ ಹೋಗುತ್ತದೆ. ಅಷ್ಟರೊಳಗೆ ಅಳತೆ ತೋರಿಸಿದರೆ ಗೆರೆ ಎಳೆಯಲು ತಮ್ಮದೇನೂ ಅಡ್ಡಿಯಿಲ್ಲ ಎಂದರು.

ಮರುದಿನವೇ ಅವಳು ಸೋರು ಮೇಸ್ತ್ರಿಯ ಮನೆಗೆ ಹೋದಳು. ಪಾಪ, ನಲವತ್ತು ವರ್ಷದಲ್ಲಿ ಆತ ಕಟ್ಟಿದ ಒಂದೇ ಒಂದು ತಾರಸಿ ಸೋರಿತ್ತು, ಹೆಸರು ಮಾತ್ರ ಜೀವಮಾನಕ್ಕೆ ಅಂಟಿಕೊಂಡಿತ್ತು. ಅವನ ಹತ್ತಿರ ಮಟ್ಟ ನೋಡುವ ಐವತ್ತು ಅಡಿ ಉದ್ದದ ಪಾರದರ್ಶಕ ಪೈಪು ಇತ್ತು. ಅದರೊಳಗೆ ನೀರು ತುಂಬಿ ಎರಡು ತುದಿಯನ್ನು ಎರಡು ಕಡೆ ಹಿಡಿದರೆ, ನಡುವೆ ನೆಲ ಹೇಗಾದರೂ ಇರಲಿ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟದಿಂದ ನೆಲಕ್ಕೆ ಎರಡೂ ಕಡೆ ಅಳೆದು, ಒಂದರಿಂದ ಒಂದನ್ನು ಕಳೆದರೆ ಏರಿಳಿತ ಸಿಕ್ಕಿತು.

“ಟ್ಯಾಂಕಿಂದ ನಿಮ್ಮಕ್ಕನ ಮನೆವರೆಗೂನಾ?” ಮೇಸ್ತ್ರಿ ತಲೆ ಕೆರೆದುಕೊಂಡ. “ನಲವತ್ತು ಸಲ ಎತ್ತಿ ಇಡಬೇಕಲ್ಲಕ್ಕ.”

“ನಲವತ್ತಾದ್ರೆ ನಲವತ್ತು. ನಿಂಗೆ ಹೆಸರು ಬದಲಾಯಿಸ್ಕೊಳ್ಳೋಕೆ ಒಂದು ಅವಕಾಶ ಅಂತ ತಿಳ್ಕೋ.”

ಮೂರು ದಿನ ಬೆಳಗ್ಗೆ ಅದೇ ಕೆಲಸ. ಟ್ಯಾಂಕಿನ ತಳದಿಂದ ಹೊರಟು, ಅಂಗಡಿ ಸಾಲು ದಾಟಿ, ಶಾಲೆಯ ಗೋಡೆ ಬಳಸಿ, ಗೋಡೆಗೋಡೆಗೂ ಸೀಮೆಸುಣ್ಣದ ಗುರುತು ಹಾಕುತ್ತ ನಡೆದರು. ಕ್ಷೌರದಂಗಡಿಯವನು, “ಊರಿಗೆಲ್ಲ ಅಂಗಿ ಹೊಲಿಸ್ತಿದ್ದೀರಾ?” ಎಂದ. ಪೈಪಿನೊಳಗೆ ಒಂದು ಗುಳ್ಳೆ ಸೇರಿಕೊಂಡಿದ್ದು ತಡವಾಗಿ ಕಾಣಿಸಿ, ಎರಡನೆಯ ದಿನದ ಅರ್ಧ ಕೆಲಸ ಮತ್ತೆ ಮಾಡಬೇಕಾಯಿತು. ಮೇಸ್ತ್ರಿ ಗೊಣಗಿದ. ಅವಳು ಗೊಣಗಲಿಲ್ಲ, ಗುರುತುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮೊದಲಿನಿಂದ ಶುರುಮಾಡಿದಳು.

ಮೂರನೆಯ ದಿನ ಮೆಟ್ಟಿಲು ಹತ್ತಿ ಕಡೆಯ ಮನೆಯ ಮುಂದೆ ಬಂದಾಗ ಅಕ್ಕ ಬಾಗಿಲಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಳು. ತಂಗಿ ಪೈಪಿನ ತುದಿಯನ್ನು ಅವಳ ಹೊಸ್ತಿಲಿಗೆ ಹಿಡಿದಳು. ಇಬ್ಬರ ನಡುವೆ ಎರಡಡಿ ದೂರವೂ ಇರಲಿಲ್ಲ, ಮಾತೂ ಇರಲಿಲ್ಲ. ಮೇಸ್ತ್ರಿ ಕೆಳಗಿನಿಂದ ಅಳತೆ ಕೂಗಿದ. ಅವಳು ಮೆಟ್ಟಿಲ ಮೇಲೆ ಕೂತು ಲೆಕ್ಕ ಕೂಡಿಸಿದಳು, ಇನ್ನೊಮ್ಮೆ ಕೂಡಿಸಿದಳು. ಅಕ್ಕನ ಹೊಸ್ತಿಲು ಟ್ಯಾಂಕಿನ ತಳಕ್ಕಿಂತ ಹನ್ನೊಂದು ಅಡಿ ಕೆಳಗಿತ್ತು.

“ಎತ್ತರ ಅಲ್ಲ,” ಎಂದಳು, ಯಾರಿಗೆ ಎಂದಿಲ್ಲದೆ. “ನೀರು ಹತ್ತಲೇಬೇಕು.”

“ಅದನ್ನ ಹೇಳಿ ಹನ್ನೊಂದು ವರ್ಷ ಆಯ್ತು,” ಎಂದು ಅಕ್ಕ ಒಳಗೆ ಹೋದಳು.

ಇಂಜಿನಿಯರ್ ತಮ್ಮ ಯಂತ್ರ ತಂದು ಅಳೆದರು. ಒಂದು ಗೇಣಿನಷ್ಟು ವ್ಯತ್ಯಾಸ ಬಿಟ್ಟರೆ ಮೇಸ್ತ್ರಿಯ ಪೈಪು ಹೇಳಿದ್ದೇ ಸರಿ. “ಹಾಗಾದ್ರೆ ನೀರು ನಿಂತಿರೋದೆಲ್ಲಿ?” ಎಂದು ಅವರೇ ಕೇಳಿದರು. ಈಗ ಅವರಿಗೂ ಹಟ ಹತ್ತಿತ್ತು. ನೀರು ಯಾಕೆ ಹತ್ತುತ್ತಿಲ್ಲವೆಂದು ಹೇಳದೆ ಬರೀ ಅಳತೆಗೆ ಮೇಲಧಿಕಾರಿಗಳು ಸಹಿ ಹಾಕುವವರಲ್ಲ, ಉಳಿದದ್ದು ಆರೇ ದಿನ.

ನೀರಿನ ಒತ್ತಡ ತೋರಿಸುವ ಗೇಜನ್ನು ನಲ್ಲಿಗೆ ಕಟ್ಟಿ ಮನೆಯಿಂದ ಮನೆಗೆ ಹೋದರು. ಕೆಳಗಿನ ಬೀದಿಯ ಕೊನೆಯ ಮೂಲೆಮನೆಯಲ್ಲಿ ನಲ್ಲಿ ಬಿಟ್ಟಿಟ್ಟರೂ ಮುಳ್ಳು ಜಗ್ಗಲಿಲ್ಲ. ಮೇಲಿನ ಬೀದಿಯ ಮೊದಲ ಮನೆಯಲ್ಲಿ ಎಲ್ಲ ನಲ್ಲಿ ಮುಚ್ಚಿಸಿದರೆ ಮುಳ್ಳು ನಿಧಾನಕ್ಕೆ ಏರುತ್ತಿತ್ತು, ಒಂದು ನಲ್ಲಿ ಬಿಟ್ಟರೆ ಸಾಕು, ದೊಪ್ಪನೆ ಬೀಳುತ್ತಿತ್ತು. ಎರಡು ಮನೆಯ ನಡುವೆ ಇದ್ದದ್ದು ಮೂವತ್ತು ಹೆಜ್ಜೆ ರಸ್ತೆ. ಆ ಮೂವತ್ತು ಹೆಜ್ಜೆಯೊಳಗೆ ಏನೋ ಪೈಪಿನ ಕುತ್ತಿಗೆಯನ್ನು ಹಿಸುಕಿ ಹಿಡಿದಿತ್ತು.

“ಇಲ್ಲಿ ವಾಲ್ವು ಇದ್ಯಾ?” ಎಂದರು ಇಂಜಿನಿಯರ್.

“ಇದೆ. ಹದಿನಾಲ್ಕನೇದು. ನಾನು ಬಂದ ತಿಂಗಳೊಪ್ಪತ್ತಿಗೇ ರಸ್ತೆ ಎತ್ತರಿಸಿ ಟಾರು ಹಾಕಿದ್ರು, ಮುಚ್ಚಳ ಅಡಿಗೆ ಹೋಯ್ತು. ಆದ್ರೆ ಅದು ತೆರೆದೇ ಇದೆ ಸಾರ್, ನನ್ನ ಪುಸ್ತಕದಲ್ಲಿ ಬರೆದಿದೆ. ಸರದಿಯ ವಾಲ್ವಲ್ಲ ಅದು, ಯಾವಾಗ್ಲೂ ತೆರೆದಿರಬೇಕಾದ್ದು.”

“ಪುಸ್ತಕ ತಪ್ಪಿರಬಹುದಲ್ವಾ?”

“ನನ್ನ ಪುಸ್ತಕ ತಪ್ಪಲ್ಲ,” ಎಂದಳು ಅವಳು. “ಪೈಪಿಗೆ ಬೇರು ಹೊಕ್ಕಿರಬೇಕು. ಅಗೀರಿ, ಗೊತ್ತಾಗುತ್ತೆ.”

ಮರುದಿನ ಹತ್ತು ಗಂಟೆಗೆ ರಸ್ತೆ ಅಗೆದರು. ಟಾರು, ಜಲ್ಲಿ, ಮಣ್ಣು, ಅದರಡಿಗೆ ತುಕ್ಕು ಹಿಡಿದ ಮುಚ್ಚಳ. ಗುಂಡಿ ತುಂಬ ಕೆಸರು. ಕೆಸರೆತ್ತಿದ ಮೇಲೆ ಮೇಸ್ತ್ರಿ ಇಳಿಯಲು ಹೋದ. ಅವಳು ತಡೆದು ತಾನೇ ಇಳಿದಳು. ಮೇಲೆ ಇಂಜಿನಿಯರ್, ಮೇಸ್ತ್ರಿ, ಮೇಲಿನ ಬೀದಿಯ ಇಪ್ಪತ್ತು ಮೂವತ್ತು ಜನ. ಅವಳು ಕೀಲಿ ಕೂರಿಸಿ ಎಡಕ್ಕೆ ತಿರುಗಿಸಿದಳು. ಎಲ್ಲ ವಾಲ್ವೂ ತೆರೆಯುವುದು ಎಡಕ್ಕೆ. ಕೀಲಿ ಒಂದು ಎಳೆಯಷ್ಟೂ ಅಲುಗಲಿಲ್ಲ.

“ನೋಡಿದ್ರಾ ಸಾರ್, ಪೂರ್ತಿ ತೆರೆದಿದೆ,” ಎಂದು ಕೂಗಿದಳು.

ಆದರೂ ಅಭ್ಯಾಸಬಲ, ಸರಳನ್ನು ಪೈಪಿಗೆ ಆನಿಸಿ ಕಿವಿ ಕೊಟ್ಟಳು. ಒಳಗಿನಿಂದ ಸುಯ್ಯೆಂಬ ಸಣ್ಣ ಸದ್ದು ಬರುತ್ತಿತ್ತು, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವ ಹಾಗೆ. ತೆರೆದ ವಾಲ್ವು ಹಾಗೆ ಸದ್ದು ಮಾಡುವುದಿಲ್ಲ. ಹನ್ನೊಂದು ವರ್ಷ ಪೈಪಿಗೆ ಕಿವಿಗೊಟ್ಟವಳಿಗೆ ಅಷ್ಟೂ ತಿಳಿಯದೆ ಇದ್ದೀತೇ? ಒದ್ದೆ ಬಟ್ಟೆ ತೆಗೆದುಕೊಂಡು ವಾಲ್ವಿನ ತಲೆಯ ಕೆಸರು ಒರೆಸಿದಳು, ಉಗುರಿನಿಂದ ಕೆರೆದಳು. ಎರಕದ ಕಬ್ಬಿಣದಲ್ಲಿ ಒಂದು ಬಾಣ ಎದ್ದು ಕಾಣಿಸಿತು, ಪಕ್ಕದಲ್ಲಿ ‘ತೆರೆ’ ಎಂಬ ಗುರುತು. ಬಾಣ ಬಲಕ್ಕೆ ತಿರುಗಿತ್ತು.

ಮಾವ ಎಲ್ಲಿಂದಲೋ ಕಳಚಿ ತಂದು ಹಾಕಿದ ಹಳೆಯ ವಾಲ್ವು ಅದು. ಊರಿನ ಇಪ್ಪತ್ತೊಂದು ವಾಲ್ವು ಒಂದು ದಾರಿ, ಇದೊಂದೇ ಇನ್ನೊಂದು ದಾರಿ. ಮಾವನ ಕೈಗೆ ಅದು ಗೊತ್ತಿತ್ತು. ಅವಳ ಕೈಗೆ ಗೊತ್ತಿರಲಿಲ್ಲ. ಆ ಒಂಬತ್ತು ದಿನದ ಸುತ್ತಾಟದಲ್ಲಿ ಅವಳು ಇದನ್ನು ತಿರುಗಿಸಿ ತಿರುಗಿಸಿ, ತೆರೆದೆ ಎಂದುಕೊಂಡು ಮುಚ್ಚಿದ್ದಳು. ಅಡಿಯಲ್ಲಿ ನಾಲ್ಕು ಕಲ್ಲುಚೂರು ಸಿಕ್ಕಿಕೊಂಡಿದ್ದರಿಂದ ಪೂರ್ತಿ ಮುಚ್ಚಿರಲಿಲ್ಲ. ಹನ್ನೊಂದು ವರ್ಷ ಮೇಲಿನ ಬೀದಿ ಕುಡಿದದ್ದು ಆ ಕಲ್ಲುಚೂರುಗಳ ಕೃಪೆಯಿಂದ ಬಂದ ನೀರು.

ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವಳಿಗೆ ನಾಚಿಕೆಯಾಯಿತು, ಆ ಗುಂಡಿಯಲ್ಲೇ ಹೂತುಹೋಗಲಿ ಎನ್ನುವಷ್ಟು. ಅಕ್ಕನ ಖಾಲಿ ಹಗ್ಗ, ಸವೆದ ಮಂಡಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬಾಣವನ್ನು ಕಂಡವಳು ಅವಳೊಬ್ಬಳೇ. ಒಂದು ಹಿಡಿ ಕೆಸರು ಮೆತ್ತಿದರೆ ಮತ್ತೆ ಯಾರಿಗೂ ಕಾಣುವುದಿಲ್ಲ.

ಮೊದಲು ನೀರು, ಆಮೇಲೆ ನಾನು, ಎಂದುಕೊಂಡಳು. ಕೀಲಿಗೆ ಎದೆ ಕೊಟ್ಟು ಬಲಕ್ಕೆ ತಳ್ಳಿದಳು. ಕಿರ್ರೆಂದಿತು, ಅಲುಗಿತು. ಒಂದು, ಎರಡು, ಮೂರು. ಮೈಯೆಲ್ಲ ಬೆವರು. ಹದಿಮೂರನೆಯ ಸುತ್ತಿಗೆ ನಿಂತಿತು. ಪೈಪಿನೊಳಗೆ ಗುಡುಗಿದ ಹಾಗಾಯಿತು. ಸ್ವಲ್ಪ ಹೊತ್ತಿಗೆ ಮೇಲಿನ ಬೀದಿಯಿಂದ ಕೂಗು ಕೇಳಿಸಿತು: “ಬಂತು! ನೀರು ಬಂತು!”

ಮೇಲೆ ಹತ್ತಿ ಬಂದಾಗ ಜನ ಅವಳನ್ನು ಮುತ್ತಿಕೊಂಡರು. ಯಾರೋ ಬೆನ್ನು ತಟ್ಟಿದರು. “ಶಹಬ್ಬಾಸ್ ಅಕ್ಕ, ನೀವೇ ಗೆದ್ರಿ!” ಎಂದ ಮೇಸ್ತ್ರಿ. ಇಂಜಿನಿಯರ್ ಪೆನ್ನು ತೆಗೆದು, “ತುಕ್ಕು ಹಿಡಿದು ಕಚ್ಕೊಂಡಿತ್ತು ಅಂತ ಬರೀತೀನಿ,” ಎಂದರು.

“ಬೇಡ ಸಾರ್. ತುಕ್ಕಲ್ಲ.” ಅವಳು ಕೈಚೀಲದಿಂದ ಪುಸ್ತಕ ತೆಗೆದಳು. ಕೆಸರಿನ ಬೆರಳಲ್ಲೇ ಪುಟ ತಿರುವಿ ಎಲ್ಲರಿಗೂ ಕೇಳುವ ಹಾಗೆ ಓದಿದಳು: “ಹದಿನಾಲ್ಕನೆಯದು. ಮೇಲಿನ ಬೀದಿ. ಮಾವ ಮುಚ್ಚಿಟ್ಟಿದ್ದರು. ಹದಿಮೂರು ಸುತ್ತು ಎಡಕ್ಕೆ ತಿರುಗಿಸಿ ಪೂರ್ತಿ ತೆರೆದೆ.” ಪುಸ್ತಕ ಮಡಚಿದಳು. “ಇದು ಬಲಕ್ಕೆ ತೆರೆಯೋ ವಾಲ್ವು. ಮಾವ ತೆರೆದಿಟ್ಟಿದ್ರು. ಮುಚ್ಚಿದ್ದು ನಾನು. ಹನ್ನೊಂದು ವರ್ಷ ನಿಮ್ಮ ನೀರು ನಿಲ್ಸಿದ್ದು ನಾನೇ.”

ಬೆನ್ನು ತಟ್ಟುತ್ತಿದ್ದ ಕೈಗಳು ಕೆಳಗಿಳಿದವು. ಅವಳು ಅಲ್ಲಿ ನಿಲ್ಲದೆ ಮೆಟ್ಟಿಲು ಹತ್ತಿದಳು.

ಕಡೆಯ ಮನೆಯ ಮುಂದೆ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು. ಅಕ್ಕ ನಲ್ಲಿಯ ಎದುರು ಕುಕ್ಕರಗಾಲಲ್ಲಿ ಕೂತು ನೀರಿಗೆ ಕೈಯೊಡ್ಡಿದ್ದಳು.

“ಅಕ್ಕ, ನೀನು ಹೇಳಿದ್ದು ನಿಜ. ನಾನೇ ಮುಚ್ಚಿದ್ದು,” ಎಂದು ತಂಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ನಲ್ಲಿ ಮುಚ್ಚಿದಳು, ಮಂಡಿ ಹಿಡಿದುಕೊಂಡು ಎದ್ದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಂಗಿ ಮೆಟ್ಟಿಲಿಳಿದು ವಾಪಸು ಬಂದಳು.

ಮನೆಯಲ್ಲಿ ಗಂಡ ಮಿಷನ್ನು ನಿಲ್ಲಿಸಿ ಕೂತಿದ್ದ. ಸುದ್ದಿ ಅವಳಿಗಿಂತ ಮುಂಚೆ ಮನೆ ತಲುಪಿತ್ತು.

“ಅಪ್ಪ ಬರೆದಿಡ್ಲಿಲ್ಲ ಅನ್ನಬಹುದಿತ್ತಲ್ಲೇ,” ಎಂದ ಮೆಲ್ಲಗೆ. “ಅದೂ ಸುಳ್ಳೇನಲ್ಲ.”

“ಬಾಣ ಕಬ್ಬಿಣದಲ್ಲೇ ಇತ್ತು ಕಣ್ರೀ. ಒರೆಸಿ ನೋಡಿದ್ದಿದ್ರೆ ಅವತ್ತೇ ಕಾಣ್ತಿತ್ತು. ಸತ್ತವರ ಮೇಲೆ ಹಾಕಿ ಬದುಕ್ಲಾ?”

ಅವನು ಎದ್ದು ಅವಳ ಕೈಯಿಂದ ಕೆಸರಿನ ಕೀಲಿ ತೆಗೆದುಕೊಂಡು ತೊಳೆದಿಟ್ಟ, ಅವಳಿಗೆ ಒಂದು ಲೋಟ ಟೀ ಮಾಡಿಕೊಟ್ಟ.

ಮಾರನೆಯ ದಿನ ಸಂಜೆ ಶಾಲೆಯ ಕೋಣೆಯಲ್ಲಿ ಕಮಿಟಿ ಸೇರಿತು. ಮೇಲಿನ ಬೀದಿಗೆ ನೀಲಿ ಗೆರೆ ಬಂದಿತ್ತು, ಆ ವಿಷಯ ಎರಡೇ ನಿಮಿಷದಲ್ಲಿ ಮುಗಿಯಿತು. ಅವಳು ಎದ್ದು ಹೋಗಿ ಕೀಲಿಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟಳು. ಅಧ್ಯಕ್ಷರು ನಿವೃತ್ತ ಮೇಷ್ಟ್ರು, ಯಾವ ತೀರ್ಮಾನವನ್ನೂ ತಾವಾಗಿ ಮಾಡುವ ಅಭ್ಯಾಸ ಇಟ್ಟುಕೊಂಡವರಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು.

“ಹನ್ನೊಂದು ವರ್ಷ ಅಂದ್ರೆ ಆಟಾನಾ?” ಎಂದ ಬಡಾವಣೆಯ ಒಬ್ಬ. ಅವನ ಮನೆಗೆ ಒಂದು ದಿನವೂ ನೀರು ನಿಂತಿರಲಿಲ್ಲ. ಕೂಗಾಡುವುದು ಹೆಚ್ಚಾಗಿ ಅಂಥವರೇ. “ಬೇರೆಯವರನ್ನ ನೋಡಿ. ಕಲಿತ ಗಂಡಸರು ಬೇಕಾದಷ್ಟು ಸಿಗ್ತಾರೆ.”

“ಕಷ್ಟಪಟ್ಟೋರು ಮೇಲಿನ ಬೀದಿಯೋರು. ಅವರೇ ಹೇಳ್ಲಿ,” ಎಂದರು ಅಧ್ಯಕ್ಷರು, ಕನ್ನಡಕ ಒರೆಸುವುದನ್ನು ನಿಲ್ಲಿಸದೆ.

“ನಾನು ಹೇಳ್ತೀನಿ,” ಎಂದು ಬಾಗಿಲ ಕಡೆಯಿಂದ ದನಿ ಬಂತು. ಅಕ್ಕ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತಿದ್ದಳು. ಅಷ್ಟೂ ಮೆಟ್ಟಿಲು ಇಳಿದು, ಅರ್ಧ ಊರು ದಾಟಿ ಬಂದಿದ್ದಳು. ಅವಳು ಯಾವ ಸಭೆಗೂ ಬಂದವಳಲ್ಲ. ಯಾರೋ ಕುರ್ಚಿ ಸರಿಸಿದರು, ಅವಳು ಕೂರಲಿಲ್ಲ.

“ನನ್ನ ಕೆಲಸ ಹೋಯ್ತು. ಮಂಡಿ ಹೋಯ್ತು. ನಾನೇನೂ ಇವಳನ್ನ ಕ್ಷಮಿಸಿಲ್ಲ, ಅದು ಮೊದ್ಲು ತಿಳ್ಕೊಳ್ಳಿ,” ಎಂದಳು. ತಂಗಿ ತಲೆ ತಗ್ಗಿಸಿದಳು. “ಆದ್ರೆ ಗುಂಡೀಲಿ ಇಳಿದಾಗ ಇವಳೊಬ್ಬಳೇ ಇದ್ಲು. ಬಾಯಿ ಮುಚ್ಕೊಂಡಿದ್ರೆ ಊರೆಲ್ಲ ಹಾರ ಹಾಕ್ತಿತ್ತು. ನಾಳೆ ನೀವು ತರೋ ಕಲಿತ ಗಂಡಸು ತಪ್ಪು ಮಾಡಿದ್ರೆ ಬಂದು ಹೇಳ್ತಾನಾ?” ಬಡಾವಣೆಯವನ ಕಡೆ ಕೈ ತೋರಿಸಿದಳು. “ಕೀಲಿ ಅವಳ ಹತ್ರಾನೇ ಇರ್ಲಿ. ಇನ್ನೊಬ್ಬ ಬಂದು ಯಾವ ಕಡೆ ತಿರುಗಿಸ್ತಾನೋ ಯಾರು ಕಂಡೋರು?”

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಕೀಲಿಯನ್ನು ಮೇಜಿನಂಚಿಗೆ ಸರಿಸಿದರು. ಅವರ ಲೆಕ್ಕದಲ್ಲಿ ಅದು ತೀರ್ಮಾನ. ಅವಳು ಕೀಲಿ ಎತ್ತಿಕೊಂಡಳು. ಹೊಸ ವಾಲ್ವು ಬರುವಾಗ ಎಲ್ಲವೂ ಒಂದೇ ಕಡೆ ತಿರುಗುವಂಥವೇ ಬರಬೇಕು, ಗುಂಡಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬಾಣ ಬರೆಸಬೇಕು, ಅದನ್ನು ಈಗಲೇ ಬರೆದುಕೊಳ್ಳಿ ಎಂದು ಇಂಜಿನಿಯರಿಗೆ ಹೇಳಿದಳು. ಅವರು ಬರೆದುಕೊಂಡರು.

ಹೊರಗೆ ಅಂಗಳದಲ್ಲಿ ಅಕ್ಕ ಗೋಡೆ ಹಿಡಿದು ನಿಧಾನಕ್ಕೆ ಹೋಗುತ್ತಿದ್ದಳು. ತಂಗಿ ಹಿಂದೆಯೇ ಹೋದಳು, ಆದರೆ ಕೈ ಹಿಡಿಯಲು ಧೈರ್ಯವಾಗಲಿಲ್ಲ.

“ಹಿಂದೆ ಹಿಂದೆ ಬರ್ಬೇಡ,” ಎಂದಳು ಅಕ್ಕ, ತಿರುಗಿ ನೋಡದೆ. “ನಾಳೆ ಬೆಳಿಗ್ಗೆ ನೀರು ಬಿಟ್ಟಾದ ಮೇಲೆ ಬಾ. ತೊಟ್ಟಿ ಬೋರಲು ಬಿದ್ದಿದೆ. ಒಬ್ಳ ಕೈಲಿ ಎತ್ತಕ್ಕಾಗಲ್ಲ.”

ಮರುದಿನ ಎಂಟು ಗಂಟೆಗೆ ವಾಲ್ವಮ್ಮ ಕೀಲಿಯನ್ನು ಅಕ್ಕನ ಮನೆಯ ಗೋಡೆಗೆ ಒರಗಿಸಿ, ಹೊಸ್ತಿಲು ದಾಟಿ ಹಿತ್ತಲಿಗೆ ಹೋದಳು. ಇಬ್ಬರೂ ಆ ಕಡೆ ಈ ಕಡೆ ಹಿಡಿದು ತೊಟ್ಟಿ ಎತ್ತಿ ನಲ್ಲಿಯ ಕೆಳಗಿಟ್ಟರು. ನೀರು ತುಂಬತೊಡಗಿತು. ತುಕ್ಕು ತಿಂದ ತಳದ ಮೂರು ಕಡೆಯಿಂದ ಪಿಚಕಾರಿಯಂತೆ ಹೊರಗೆ ಹಾರಿತು. ಅಕ್ಕ ಅದನ್ನೇ ನೋಡಿದಳು.

“ನಿಂತ್ಕೊಂಡು ಏನು ನೋಡ್ತೀಯ?” ಎಂದಳು ತಂಗಿಗೆ. “ಸೋರೋದನ್ನ ಮುಚ್ಚೋದು ನಿನ್ನ ಕೆಲಸ ತಾನೇ? ಮುಚ್ಚು.”

ತಂಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಯ ಪಕ್ಕ ಕೂತಳು.